ಫಿಲ್ಟರ್ ಕ್ಯಾಂಡಲಿನ ಗೋಡೆಯಲ್ಲಿ ಪೊರೆ ಕಟ್ಟಿದ್ದು: ಅಭಿಸರಣ ಒತ್ತಡ ಅಳೆಯುವ ಸಾಧನದ ನಿರ್ಮಾಣ ದಾಖಲೆ

ಪ್ರಥಮ ಪಿಯುಸಿ ಜೀವಶಾಸ್ತ್ರದ ಪ್ರಾಯೋಗಿಕ ತರಗತಿಯಲ್ಲಿ ಆಲೂಗಡ್ಡೆಯನ್ನು ಕೊರೆದು, ಒಳಗೆ ಸಕ್ಕರೆ ದ್ರಾವಣ ತುಂಬಿ, ನೀರಿನ ಬಟ್ಟಲಿನಲ್ಲಿಟ್ಟು, ದ್ರಾವಣದ ಮಟ್ಟ ಏರುವುದನ್ನು ಗುಂಡುಸೂಜಿ ಚುಚ್ಚಿ ಗುರುತು ಮಾಡುತ್ತೇವೆ. ಜೀವಕೋಶಗಳ ಪೊರೆಯನ್ನು ದಾಟಿ ನೀರು ಒಳಗೆ ಹೋಗುತ್ತದೆ ಎಂಬುದು ಅದರಿಂದ ತಿಳಿಯುತ್ತದೆ. ಎಷ್ಟು ಬಲದಿಂದ ಹೋಗುತ್ತದೆ ಎಂಬುದು ತಿಳಿಯುವುದಿಲ್ಲ. ಆ ಬಲವನ್ನು, ಅಂದರೆ ಅಭಿಸರಣ ಒತ್ತಡವನ್ನು, ವಿದ್ಯಾರ್ಥಿಗಳೇ ಅಳೆಯುವಂತಾಗಬೇಕು ಎಂಬ ಉದ್ದೇಶದಿಂದ ಕಾಲೇಜಿನ ಪ್ರಯೋಗಾಲಯದಲ್ಲಿ ಈ ಸಾಧನವನ್ನು ಕಟ್ಟಿದೆವು. ಮಾದರಿ ಹೊಸದಲ್ಲ. 1867ರಲ್ಲಿ ಮೊರಿಟ್ಸ್ ಟ್ರೌಬೆ ಎಂಬ ಜರ್ಮನ್ ವಿಜ್ಞಾನಿ ತಾಮ್ರದ ಸಲ್ಫೇಟ್ ಮತ್ತು ಪೊಟ್ಯಾಸಿಯಂ ಫೆರೋಸಯನೈಡ್ ದ್ರಾವಣಗಳು ಸಂಧಿಸುವಲ್ಲಿ ಹುಟ್ಟುವ ತಾಮ್ರದ ಫೆರೋಸಯನೈಡಿನ ಪೊರೆ ನೀರನ್ನು ಹಾಯಲು ಬಿಟ್ಟು ಸಕ್ಕರೆಯನ್ನು ತಡೆಯುತ್ತದೆ ಎಂದು ತೋರಿಸಿದ್ದರು. ಸಸ್ಯವಿಜ್ಞಾನಿ ವಿಲ್ಹೆಲ್ಮ್ ಫೆಫರ್ ಅದೇ ಪೊರೆಯನ್ನು ಮೆರುಗಿಲ್ಲದ ಮಣ್ಣಿನ ಪಾತ್ರೆಯ ಗೋಡೆಯೊಳಗೆ ಕಟ್ಟಿ, 1877ರಲ್ಲಿ ಅಳತೆಗಳನ್ನು ಪ್ರಕಟಿಸಿದರು. ಶೇ. 1ರ ಸಕ್ಕರೆ ದ್ರಾವಣಕ್ಕೆ ಅವರಿಗೆ ಸಿಕ್ಕಿದ್ದು 53.5 ಸೆಂ.ಮೀ. ಪಾದರಸದಷ್ಟು ಒತ್ತಡ; ಶೇ. 2ಕ್ಕೆ 101.6, ಶೇ. 4ಕ್ಕೆ 208.2. ನಮ್ಮ ಗುರಿ ಮೊದಲನೆಯ ಅಂಕಿಯ ಹತ್ತಿರ ಹೋಗುವುದಷ್ಟೇ ಆಗಿತ್ತು.

1. ಸಾಮಗ್ರಿ ಮತ್ತು ಖರ್ಚು

ಕುಡಿಯುವ ನೀರಿನ ಫಿಲ್ಟರಿಗೆ ಹಾಕುವ ಬಿಳಿ ಸೆರಾಮಿಕ್ ಕ್ಯಾಂಡಲ್ ಒಂದಕ್ಕೆ 160 ರೂಪಾಯಿ. ಇಂಗಾಲದ ಪುಡಿ ತುಂಬಿದ್ದು ಬೇಡ, ಒಳಗೆ ಖಾಲಿ ಇರುವ ಸಾದಾ ಕ್ಯಾಂಡಲ್ಲೇ ಬೇಕು. ಗಾರೆ ಕೆಲಸದವರು ಬಳಸುವ ಲೆವೆಲ್ ಪೈಪ್ ಮೀಟರಿಗೆ 15 ರೂಪಾಯಿ. ಪೊಟ್ಯಾಸಿಯಂ ಫೆರೋಸಯನೈಡ್, 1 ಮಿ.ಲೀ.ನ ಗಾಜಿನ ಪಿಪೆಟ್, ಎರಡು ರಂಧ್ರದ ರಬ್ಬರ್ ಕಾರ್ಕ್, ದಪ್ಪ ಗೋಡೆಯ ರಬ್ಬರ್ ಕೊಳವೆ, 50 ಮಿ.ಲೀ. ಸಿರಿಂಜ್ ಇವೆಲ್ಲ ಪ್ರಯೋಗಾಲಯದಲ್ಲೇ ಇದ್ದವು. 12 ವೋಲ್ಟ್ ಅಡಾಪ್ಟರ್ ಮತ್ತು ಮಲ್ಟಿಮೀಟರನ್ನು ಭೌತಶಾಸ್ತ್ರ ವಿಭಾಗದಿಂದ ಪಡೆದೆವು. ಸ್ಕೂಟರಿನ ಇಂಡಿಕೇಟರ್ ಬಲ್ಬಿಗೆ 20 ರೂಪಾಯಿ.

ತಾಮ್ರದ ಸಲ್ಫೇಟಿನ ಬಗ್ಗೆ ಒಂದು ಮಾತನ್ನು ವಿವರವಾಗಿ ಹೇಳಬೇಕು. ನಮ್ಮದು ಮಲೆನಾಡು, ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದರಿಂದ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಎಲ್ಲರ ಮನೆಯಲ್ಲೂ ಸಿಗುತ್ತದೆ. ಹಾಗೆ ಸಿಕ್ಕಿದ್ದನ್ನೇ ಕರಗಿಸಿ, ಪರೀಕ್ಷಾ ನಳಿಕೆಯಲ್ಲಿ ಫೆರೋಸಯನೈಡಿನ ಎರಡು ಹನಿ ಬಿಟ್ಟಾಗ ಕಾಣಬೇಕಾದ ಕೆಂಗಂದು ಬಣ್ಣದ ಬದಲು ಕೊಳಕು ಹಸಿರುಗಂದು ಬಂದು, ಅಂಚಿನಲ್ಲಿ ನೀಲಿ ಎದ್ದಿತು. ನೀಲಿ ಬಂದರೆ ಕಬ್ಬಿಣ ಬೆರೆತಿದೆ ಎಂದೇ ಅರ್ಥ, ಏಕೆಂದರೆ ಕಬ್ಬಿಣದ ಲವಣ ಫೆರೋಸಯನೈಡಿನೊಡನೆ ಸೇರಿದರೆ ಪ್ರಶಿಯನ್ ನೀಲಿಯಾಗುತ್ತದೆ. ತೋಟಕ್ಕೆ ಅದರಿಂದ ತೊಂದರೆಯಿಲ್ಲ. ಪೊರೆಯ ವಿಷಯದಲ್ಲಿ ಅಪಾಯಕ್ಕೆ ಕೈಹಾಕುವುದು ಬೇಡವೆಂದು ಪ್ರಯೋಗಾಲಯ ದರ್ಜೆಯ ತಾಮ್ರದ ಸಲ್ಫೇಟನ್ನೇ ಬಳಸಿದೆವು.

ಎಚ್ಚರಿಕೆ: ಪೊಟ್ಯಾಸಿಯಂ ಫೆರೋಸಯನೈಡ್ ಅಷ್ಟೇನೂ ವಿಷಕಾರಿಯಲ್ಲ, ಆದರೆ ಅದನ್ನು ಪ್ರಬಲ ಆಮ್ಲದೊಡನೆ ಬೆರೆಸಬಾರದು, ಒಣಪುಡಿಯನ್ನು ಬಿಸಿ ಮಾಡಲೂಬಾರದು, ಹಾಗೆ ಮಾಡಿದರೆ ಹೈಡ್ರೋಜನ್ ಸಯನೈಡ್ ಎಂಬ ಮಾರಕ ಅನಿಲ ಹೊರಬರಬಹುದು. ಇದನ್ನು ಕಾಗದದಲ್ಲಿ ಬರೆದು ಮೇಜಿನ ಎದುರು ಅಂಟಿಸಿದ್ದೆವು.

2. ಮಣ್ಣಿನ ಕುಡಿಕೆ

ಮೊದಲು ಕುಂಬಾರರಿಂದ ಅಂಗೈ ಅಗಲದ ಕುಡಿಕೆಗಳನ್ನು ತಂದೆವು. ನೀರು ತುಂಬಿ ನೇತುಹಾಕಿದರೆ ಹೊರಮೈಯಲ್ಲಿ ಹನಿ ಕಟ್ಟಿ ಕೆಳಗೆ ತೊಟ್ಟಿಕ್ಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಇನ್ನೂ ಸಣ್ಣ ರಂಧ್ರದ್ದು ಬೇಕು ಎಂದು ಕೇಳಿದಾಗ ಕುಂಬಾರರು, "ಜಿನುಗಲಿ ಅಂತಲೇ ಅಲ್ವಾ ಮೇಷ್ಟ್ರೇ ಇದನ್ನ ಮಾಡೋದು, ಇಲ್ಲದಿದ್ರೆ ನೀರು ತಣ್ಣಗಾಗೋದು ಹೇಗೆ" ಎಂದರು. ಅವರ ಮಾತು ಸರಿ. ಮರಳು ಬೆರೆಸಿದ ಮಣ್ಣಿನ ರಂಧ್ರಗಳು ನಮ್ಮ ಕೆಲಸಕ್ಕೆ ತೀರಾ ದೊಡ್ಡವು. ಆದರೂ ಒಂದರಲ್ಲಿ ಶೇ. 3ರ ಫೆರೋಸಯನೈಡ್ ತುಂಬಿ, ಶೇ. 3ರ ತಾಮ್ರದ ಸಲ್ಫೇಟಿನಲ್ಲಿ ನಿಲ್ಲಿಸಿದೆವು. ಕಂದು ಗಸಿ ಗೋಡೆಯೊಳಗೆ ನಿಲ್ಲದೆ ಹೊರಗಿನ ದ್ರಾವಣಕ್ಕೆ ಮೋಡದಂತೆ ಹರಡಿತು. ಈ ದಾರಿಯನ್ನು ಅಲ್ಲಿಗೇ ಬಿಟ್ಟೆವು.

3. ಕ್ಯಾಂಡಲ್: ಗಾಳಿ ತೆಗೆಯುವುದು

ಕ್ಯಾಂಡಲಿನ ಗೋಡೆ ಸುಮಾರು 8 ಮಿ.ಮೀ. ದಪ್ಪ, ಒಳಗೆ ಹಿಡಿಯುವ ನೀರು 120 ಮಿ.ಲೀ. ಸೂಕ್ಷ್ಮಜೀವಿಗಳನ್ನು ಸೋಸಲೆಂದು ಮಾಡಿದ್ದಾದ್ದರಿಂದ ರಂಧ್ರಗಳು ಬಹಳ ಸಣ್ಣವು. ಆದರೆ ಒಣ ಕ್ಯಾಂಡಲಿನ ರಂಧ್ರಗಳ ತುಂಬ ಗಾಳಿ ಇರುತ್ತದೆ. ಗಾಳಿ ಇರುವ ಕಡೆ ಎರಡು ದ್ರಾವಣಗಳು ಸಂಧಿಸುವುದಿಲ್ಲ, ಸಂಧಿಸದ ಕಡೆ ಪೊರೆ ಹುಟ್ಟುವುದಿಲ್ಲ. ಗಾಳಿ ಹೋಗಲೆಂದು ಕ್ಯಾಂಡಲನ್ನು ನೀರಿನಲ್ಲಿ ಕುದಿಸಿದಾಗ ಪ್ಲಾಸ್ಟಿಕ್ ತಳವನ್ನು ಹಿಡಿದಿದ್ದ ಅಂಟು ಮೆತ್ತಗಾಗಿ ತಳವೇ ಕಳಚಿಕೊಂಡಿತು. ಆ ಬಿಡಿ ಸೆರಾಮಿಕ್ ಕೊಳವೆಯನ್ನು ಎಸೆಯದೆ ತೆಗೆದಿಟ್ಟೆವು; ಮುಂದೆ ಕೆಲಸಕ್ಕೆ ಬಂದದ್ದು ಅದೇ.

ಎರಡನೆಯ ಕ್ಯಾಂಡಲನ್ನು ಕುದಿಸದೆ, ಕಾಯಿಸಿ ಆರಿಸಿದ ನೀರಿನಲ್ಲಿ ಮುಳುಗಿಸಿಟ್ಟು, ಅದರ ಮೂತಿಗೆ ಸಿರಿಂಜ್ ಜೋಡಿಸಿ, ಹೊರಗಿನ ನೀರನ್ನು ಗೋಡೆಯ ಮೂಲಕ ಒಳಗೆ ಎಳೆದೆವು. ಮೊದಮೊದಲು ಸಿರಿಂಜಿಗೆ ನೀರಿನೊಡನೆ ನೊರೆ ಬರುತ್ತಿತ್ತು. ನೊರೆ ಪೂರ್ತಿ ನಿಂತು ಬರೀ ನೀರು ಬರುವವರೆಗೆ ಎಳೆಯುತ್ತಿರಬೇಕು. ಇಲ್ಲಿಂದ ಮುಂದೆ ಕ್ಯಾಂಡಲ್ ಯಾವ ಹಂತದಲ್ಲೂ ಒಣಗಬಾರದು.

4. ತನ್ನಷ್ಟಕ್ಕೆ ಕಟ್ಟಿದ ಪೊರೆ ಮತ್ತು ಲೆವೆಲ್ ಪೈಪ್

ಒಳಗೆ ಶೇ. 3ರ ಫೆರೋಸಯನೈಡ್, ಹೊರಗೆ ಶೇ. 3ರ ತಾಮ್ರದ ಸಲ್ಫೇಟ್ ಇಟ್ಟು, ಎರಡೂ ವಿಸರಣೆಯಿಂದ ಗೋಡೆಯ ನಡುವೆ ಸಂಧಿಸಲೆಂದು ಎರಡು ದಿನ ಬಿಟ್ಟೆವು. ಬಳಿಕ ತೊಳೆದು, ಒಳಗೆ ಶೇ. 1ರ ಸಕ್ಕರೆ ದ್ರಾವಣ ತುಂಬಿ, ಸೋರಿದರೆ ಕಾಣಲೆಂದು ಅಡುಗೆಯ ಕೆಂಪು ಬಣ್ಣವನ್ನು ಚಿಟಿಕೆಯಷ್ಟು ಬೆರೆಸಿ, ಮೂತಿಗೆ ಲೆವೆಲ್ ಪೈಪ್ ಸಿಕ್ಕಿಸಿ, ಪೈಪನ್ನು ಮೆಟ್ಟಿಲ ಕಟಕಟೆಗೆ ಕಟ್ಟುತ್ತಾ ತಾರಸಿಯವರೆಗೆ ಒಯ್ದೆವು. 54 ಸೆಂ.ಮೀ. ಪಾದರಸ ಎಂದರೆ ನೀರಿನ ಲೆಕ್ಕದಲ್ಲಿ 7.3 ಮೀಟರ್ ಎತ್ತರ.

ಕೆಂಪು ದ್ರಾವಣ ಏರಿತು. ಮೊದಲ ಮೀಟರ್ ಚುರುಕಾಗಿ ದಾಟಿ, 1.9 ಮೀಟರ್ ತಲುಪುವ ಹೊತ್ತಿಗೆ ತೀರಾ ನಿಧಾನವಾಗಿ, ಅಲ್ಲಿ ನಿಂತು, ಮರುದಿನ ಇಳಿಯತೊಡಗಿತು. ವಿದ್ಯಾರ್ಥಿಗಳಿಗೆ ಅಷ್ಟು ಎತ್ತರವೇ ದೊಡ್ಡ ಆಶ್ಚರ್ಯ. ಆದರೆ ಪೈಪಿನ ಒಳವ್ಯಾಸ 5 ಮಿ.ಮೀ. ಎಂದು ಹಿಡಿದು ಕಾಗದದ ಮೇಲೆ ಲೆಕ್ಕ ಹಾಕಿದಾಗ ಈ ಜೋಡಣೆಯಲ್ಲೇ ದೋಷವಿರುವುದು ಸ್ಪಷ್ಟವಾಯಿತು. 7.3 ಮೀಟರ್ ಪೈಪ್ ತುಂಬಲು 143 ಮಿ.ಲೀ. ಬೇಕು, ಕ್ಯಾಂಡಲಿನಲ್ಲಿರುವುದೇ 120. ಅಷ್ಟೂ ನೀರು ಹೊರಗಿನಿಂದಲೇ ಬರಬೇಕು, ಬಂದಷ್ಟೂ ಒಳಗಿನ ಸಕ್ಕರೆ ತೆಳುವಾಗುತ್ತದೆ, ತೆಳುವಾದಷ್ಟೂ ಒತ್ತಡ ಕುಗ್ಗುತ್ತದೆ. ಪೊರೆ ಎಷ್ಟೇ ನಿರ್ದೋಷವಾಗಿದ್ದರೂ ಈ ಪೈಪಿನಲ್ಲಿ ದ್ರಾವಣ 4.3 ಮೀಟರ್ ದಾಟುವಂತಿಲ್ಲ. ಫೆಫರ್ ತೆರೆದ ಕೊಳವೆಯನ್ನು ಬಿಟ್ಟು ಮುಚ್ಚಿದ ಪಾದರಸದ ಮಾಪಕವನ್ನು ಯಾಕೆ ಆರಿಸಿಕೊಂಡರು ಎಂಬುದು ಈ ಲೆಕ್ಕದಿಂದ ನಮ್ಮ ವಿದ್ಯಾರ್ಥಿಗಳಿಗೆ ಮನದಟ್ಟಾಯಿತು.

5. ಮುಚ್ಚಿದ ಪಿಪೆಟ್

ಪಾದರಸವನ್ನು ವಿದ್ಯಾರ್ಥಿಗಳ ಕೈಗೆ ಕೊಡುವ ಪ್ರಶ್ನೆಯೇ ಇಲ್ಲ. ಅದರ ಬದಲು 1 ಮಿ.ಲೀ. ಪಿಪೆಟ್ಟಿನ ಚೂಪು ತುದಿಯನ್ನು ಬರ್ನರಿನ ಜ್ವಾಲೆಯಲ್ಲಿ ತಿರುಗಿಸುತ್ತಾ ಕರಗಿಸಿ ಮುಚ್ಚಿ, ಮುಚ್ಚಿದ ತುದಿ ಮೇಲಿರುವಂತೆ ನೆಟ್ಟಗೆ ನಿಲ್ಲಿಸಿ, ಕೆಳತುದಿಯನ್ನು ದಪ್ಪ ರಬ್ಬರ್ ಕೊಳವೆಯಿಂದ ಕ್ಯಾಂಡಲಿಗೆ ಜೋಡಿಸಿದೆವು. ಪಿಪೆಟ್ಟಿನಲ್ಲಿ ಸಿಕ್ಕಿಕೊಂಡ ಗಾಳಿ ಒತ್ತಡ ಹೆಚ್ಚಿದಂತೆ ಕುಗ್ಗುತ್ತದೆ, ಎಷ್ಟು ಕುಗ್ಗಿತು ಎಂಬುದನ್ನು ಪಿಪೆಟ್ಟಿನ ಗೆರೆಗಳೇ ಹೇಳುತ್ತವೆ. ಇಲ್ಲಿ ಒಳಗೆ ಬರಬೇಕಾದ ನೀರು ಅರ್ಧ ಮಿ.ಲೀ.ಗಿಂತ ಕಡಿಮೆ, ಸಕ್ಕರೆ ತೆಳುವಾಗುವ ಚಿಂತೆ ಉಳಿಯುವುದಿಲ್ಲ. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವುದರಿಂದ ವಾಯು ಒತ್ತಡವನ್ನು 76 ಎಂದಲ್ಲ, 70.8 ಸೆಂ.ಮೀ. ಪಾದರಸ ಎಂದು ಹಿಡಿದೆವು.

ಹೊಸ ಮಾಪಕದೊಡನೆ ಅದೇ ಕ್ಯಾಂಡಲನ್ನು ಪರೀಕ್ಷಿಸಿದಾಗ ಗಾಳಿ 0.98ರಿಂದ 0.80 ಮಿ.ಲೀ.ಗೆ ಕುಗ್ಗಿ, ಅಂದರೆ ಸುಮಾರು 16 ಸೆಂ.ಮೀ. ಒತ್ತಡ ತೋರಿಸಿ, ಹಿಂದಕ್ಕೆ ಸರಿಯಿತು. ಬಕೆಟ್ಟಿನೊಳಗೆ ಟಾರ್ಚ್ ಬಿಟ್ಟು ನೋಡಿದರೆ ಪ್ಲಾಸ್ಟಿಕ್ ತಳವೂ ಸೆರಾಮಿಕ್ಕೂ ಕೂಡುವ ಗೆರೆಯಲ್ಲಿ ಕೂದಲೆಳೆಯಷ್ಟು ಸಣ್ಣ ಕೆಂಪು ಎಳೆಯೊಂದು ಕೆಳಮುಖವಾಗಿ ಇಳಿಯುತ್ತಿತ್ತು. ಫಿಲ್ಟರಿನಲ್ಲಿ ಈ ಕೀಲಿನ ಮೇಲೆ ಬೀಳುವ ಒತ್ತಡ ಒಂದಡಿ ನೀರಿನದ್ದು. ನಾವು ಕೇಳುತ್ತಿದ್ದುದು ಅದರ ಇಪ್ಪತ್ತು ಪಟ್ಟಿಗೂ ಹೆಚ್ಚು.

ಕೀಲು ಮಾತ್ರವೇ ಕಾರಣವೇ ಎಂದು ತಿಳಿಯಲು ಕ್ಯಾಂಡಲನ್ನು ಹ್ಯಾಕ್ಸಾ ಬ್ಲೇಡಿನಿಂದ ಅಡ್ಡಲಾಗಿ ಕೊಯ್ದೆವು. ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಹೆಚ್ಚು ಕಲಿಸಿದ ನೋಟ ಅದು. ಬಿಳಿಯ ಬಳೆಯಂತಹ ಆ ತುಂಡಿನ ಗೋಡೆಯೊಳಗೆ, ಹೊರಮೈಯಿಂದ ಸುಮಾರು 3 ಮಿ.ಮೀ. ಒಳಗೆ, ಸೀಸದ ಕಡ್ಡಿಯಿಂದ ಎಳೆದಷ್ಟು ತೆಳ್ಳಗಿನ ಕೆಂಗಂದು ಗೆರೆಯೊಂದು ಸುತ್ತು ಹಾಕಿತ್ತು. ಮುಕ್ಕಾಲು ಸುತ್ತು ಗೆರೆ ಅಚ್ಚುಕಟ್ಟಾಗಿತ್ತು. ಒಂದು ಕಡೆ ಮಾತ್ರ ಮಸುಕಾಗಿ, ಕವಲೊಡೆದು, ಅಕ್ಕಿಕಾಳಿನಷ್ಟು ಅಗಲದ ಜಾಗದಲ್ಲಿ ಪೂರ್ತಿ ಕಾಣೆಯಾಗಿತ್ತು. ಗಾಳಿ ಉಳಿದಿದ್ದ ಜಾಗ ಅದೇ ಇರಬೇಕು. ತಳವನ್ನು ಎಷ್ಟು ಭದ್ರಪಡಿಸಿದ್ದರೂ ಈ ಕ್ಯಾಂಡಲಿನಿಂದ ಸರಿಯಾದ ಅಂಕಿ ಸಿಗುವಂತಿರಲಿಲ್ಲ.

6. ವಿದ್ಯುತ್ತಿನಿಂದ ಪೊರೆ ಕಟ್ಟುವುದು

1901ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಎಚ್. ಎನ್. ಮೋರ್ಸ್ ಅವರು ಇದೇ ತೊಡಕಿಗೆ ವಿದ್ಯುತ್ತನ್ನು ಬಳಸಿದ್ದರು. ತಾಮ್ರದ ಅಯಾನುಗಳನ್ನು ಹೊರಗಿನಿಂದ, ಫೆರೋಸಯನೈಡ್ ಅಯಾನುಗಳನ್ನು ಒಳಗಿನಿಂದ ಗೋಡೆಯೊಳಕ್ಕೆ ತಳ್ಳುವುದು ಅವರ ಉಪಾಯ. ತಳ ಕಳಚಿದ್ದ ಮೊದಲ ಕ್ಯಾಂಡಲ್ ಈಗ ತಲೆಕೆಳಗಾಗಿ ನಿಂತು, ಬಾಯಿ ಮೇಲಾದ ಬಟ್ಟಲಿನಂತೆ ಒದಗಿತು. ಅಂಟು ಇಲ್ಲದ್ದರಿಂದ ಅದನ್ನು ಧೈರ್ಯವಾಗಿ ಕುದಿಸಿ, ಅದೇ ನೀರಿನಲ್ಲಿ ಆರಲು ಬಿಟ್ಟು, ಗಾಳಿಯನ್ನು ತೆಗೆದೆವು.

ಹೊರಗೆ ತಾಮ್ರದ ಸಲ್ಫೇಟ್, ಅದರಲ್ಲಿ ಕ್ಯಾಂಡಲಿನ ಸುತ್ತ ಸುರುಳಿಯಾಗಿ ತಾಮ್ರದ ತಂತಿ. ಇದಕ್ಕೆ ಅಡಾಪ್ಟರಿನ ಧನ ತುದಿ. ಒಳಗೆ ಫೆರೋಸಯನೈಡ್, ಅದರಲ್ಲಿ ಹಳೆಯ ಟಾರ್ಚ್ ಸೆಲ್ಲಿನಿಂದ ತೆಗೆದ ಇಂಗಾಲದ ಕಡ್ಡಿ. ಇದಕ್ಕೆ ಋಣ ತುದಿ. ಆರಂಭದಲ್ಲಿ ತಡೆ ಕಡಿಮೆಯಿದ್ದು ವಿದ್ಯುತ್ತು ವಿಪರೀತ ಹರಿಯುವುದರಿಂದ ಇಂಡಿಕೇಟರ್ ಬಲ್ಬನ್ನು ಸೀರೀಸ್‌ನಲ್ಲಿ ಕೊಟ್ಟೆವು. ಸ್ವಿಚ್ ಹಾಕಿದಾಗ ಬಲ್ಬು ಹಳದಿಯಾಗಿ ಉರಿಯಿತು, ಮೀಟರ್ 0.55 ಆಂಪಿಯರ್ ತೋರಿಸಿತು. ಗೋಡೆಯೊಳಗೆ ಪೊರೆ ಕೂಡಿಕೊಳ್ಳುತ್ತಾ ಬಂದಂತೆ ಬಲ್ಬು ಕೆಂಪಗಾಗಿ, ತಂತುವಷ್ಟೇ ಕಂಡು, ನಂದಿತು. ಮೀಟರ್ 0.04ಕ್ಕೆ ಇಳಿದು ಅಲ್ಲೇ ನಿಂತಿತು. ಪಾತ್ರೆಯ ಗೋಡೆಯೊಳಗೆ ನಡೆಯುವ, ಕಣ್ಣಿಗೆ ಕಾಣದ ಕೆಲಸವನ್ನು ವಿದ್ಯಾರ್ಥಿಗಳು ಬಲ್ಬಿನಲ್ಲಿ ಕಂಡರು.

ಈ ಹಂತದಲ್ಲಿ ಗಮನಿಸಬೇಕಾದದ್ದು ಎರಡು. ಇಂಗಾಲದ ಕಡ್ಡಿಯಲ್ಲಿ ಹೈಡ್ರೋಜನ್ ಗುಳ್ಳೆಗಳು ಏಳುವುದರಿಂದ ಬಾಯಿ ತೆರೆದೇ ಇರಬೇಕು, ಹತ್ತಿರ ಬೆಂಕಿ ಇರಬಾರದು. ಗುಳ್ಳೆಗಳ ಜೊತೆಗೆ ಒಳಗಿನ ದ್ರಾವಣ ಕ್ಷಾರೀಯವಾಗುತ್ತಾ ಹೋಗುತ್ತದೆ, ಕ್ಷಾರ ಈ ಪೊರೆಯನ್ನು ಹಾಳುಮಾಡುತ್ತದೆ. ಮೊದಲ ಸಲ ದ್ರಾವಣ ಬದಲಿಸದೆ ಬಿಟ್ಟಾಗ 0.06ಕ್ಕೆ ಇಳಿದಿದ್ದ ವಿದ್ಯುತ್ತು ಮತ್ತೆ 0.2ಕ್ಕೆ ಏರಿತು, ಒಳಗಿನ ದ್ರಾವಣಕ್ಕೆ, ಕ್ಷಾರವಿದ್ದರೆ ಗುಲಾಬಿಯಾಗುವ ಫಿನಾಲ್ಫ್ತಲೀನ್ ಹಾಕಿ ನೋಡಿದರೆ ಕಡುಗುಲಾಬಿ. ಆಮೇಲೆ ಅರ್ಧ ಗಂಟೆಗೊಮ್ಮೆ ಒಳಗಿನ ದ್ರಾವಣವನ್ನು ಚೆಲ್ಲಿ ಹೊಸದು ತುಂಬುತ್ತಾ ಮುಗಿಸಿದೆವು.

7. ಕಾರ್ಕ್, ಬಿಗಿತ ಮತ್ತು ಅಳತೆ

ಕ್ಯಾಂಡಲಿನ ಬಾಯಿಯ ವ್ಯಾಸ 3.5 ಸೆಂ.ಮೀ. ನಿರೀಕ್ಷಿತ ಒತ್ತಡ ಬಂದರೆ ಕಾರ್ಕಿನ ಮೇಲೆ ಸುಮಾರು 7 ಕಿಲೋ ತೂಕದಷ್ಟು ಬಲ ಕೆಳಗಿನಿಂದ ಬೀಳುತ್ತದೆ. ಕೈಯಿಂದ ಒತ್ತಿ ಕೂರಿಸಿದ ಕಾರ್ಕ್ ರಾತ್ರಿ ಮೇಲೆದ್ದು ಬಂದಿತ್ತು. ಹಾಗಾಗಿ ಕೆಳಗೊಂದು ಮೇಲೊಂದು ಪ್ಲೈವುಡ್ ತುಂಡು ಇಟ್ಟು, ನಾಲ್ಕು ಮೂಲೆಗೆ ಉದ್ದದ ಬೋಲ್ಟ್ ಹಾಕಿ, ಕ್ಯಾಂಡಲನ್ನೂ ಕಾರ್ಕನ್ನೂ ಒಟ್ಟಿಗೆ ಬಿಗಿದೆವು. ಕ್ಯಾಂಡಲಿನ ಗುಮ್ಮಟದಾಕಾರದ ತಳ ಕೂರಲು ಕೆಳಗಿನ ತುಂಡಿನಲ್ಲಿ ರಂಧ್ರ ಕೊರೆದು ರಬ್ಬರ್ ಬಳೆ ಇಟ್ಟೆವು. ನಟ್ಟುಗಳನ್ನು ಎದುರುಬದುರಾಗಿ ಕಾಲುಕಾಲು ಸುತ್ತು ತಿರುಗಿಸಬೇಕು, ಇಲ್ಲದಿದ್ದರೆ ಸೆರಾಮಿಕ್ ಬಿರುಕು ಬಿಡುತ್ತದೆ. ಕಾರ್ಕಿನ ಒಂದು ರಂಧ್ರಕ್ಕೆ ಪಿಪೆಟ್, ಇನ್ನೊಂದಕ್ಕೆ ಗಾಳಿ ಹೊರಬಿಟ್ಟು ಮುಚ್ಚಲು ಕ್ಲಿಪ್ ಹಾಕಿದ ಸಣ್ಣ ಕೊಳವೆ.

ಬಳಸುತ್ತಿರುವಾಗ ಪೊರೆಯಲ್ಲಿ ಸಣ್ಣ ಬಿರುಕು ಬಂದರೆ ತಾನೇ ಮುಚ್ಚಿಕೊಳ್ಳಲಿ ಎಂದು ಒಳಗಿನ ಸಕ್ಕರೆ ದ್ರಾವಣಕ್ಕೆ ಶೇ. 0.1ರಷ್ಟು ಫೆರೋಸಯನೈಡನ್ನೂ ಹೊರಗಿನ ನೀರಿಗೆ ಶೇ. 0.1ರಷ್ಟು ತಾಮ್ರದ ಸಲ್ಫೇಟನ್ನೂ ಸೇರಿಸಿದೆವು. ಆದರೆ ಇವಕ್ಕೂ ತಮ್ಮದೇ ಅಭಿಸರಣ ಒತ್ತಡ ಇದೆ. ಎರಡೂ ಕಡೆಯದ್ದು ಸರಿಸಮವಾಗಿ ಕಳೆದುಹೋಗುವುದಿಲ್ಲ. ಅದಕ್ಕಾಗಿ ಸಕ್ಕರೆ ಇಲ್ಲದೆ ಮೊದಲೊಮ್ಮೆ ಅಳೆದಾಗ 4 ಸೆಂ.ಮೀ. ಬಂದಿತು. ಇದನ್ನು ಪ್ರತಿ ಅಳತೆಯಿಂದಲೂ ಕಳೆಯಬೇಕು.

ಶೇ. 1ರ ಸಕ್ಕರೆಯೊಡನೆ ಗಾಳಿ 0.98 ಮಿ.ಲೀ.ನಿಂದ ಆರಂಭವಾಗಿ 0.59ರಲ್ಲಿ ನಿಂತಿತು, ಮರುದಿನವೂ ಅಲ್ಲೇ ಇತ್ತು. ಕೊಠಡಿಯ ಉಷ್ಣತೆ ಬದಲಾದರೆ ಪಿಪೆಟ್ಟಿನ ಗಾಳಿಯೂ ಹಿಗ್ಗಿ ಕುಗ್ಗುವುದರಿಂದ 25 ಡಿಗ್ರಿ ಇರುವಾಗಿನ ಓದನ್ನೇ ಲೆಕ್ಕಕ್ಕೆ ಹಿಡಿದೆವು. 70.8ನ್ನು 0.98ರಿಂದ ಗುಣಿಸಿ 0.59ರಿಂದ ಭಾಗಿಸಿದರೆ 117.6, ವಾಯು ಒತ್ತಡ ಕಳೆದರೆ 46.8, ಸಕ್ಕರೆ ಇಲ್ಲದ ಅಳತೆಯ 4 ಕಳೆದರೆ ಸುಮಾರು 43 ಸೆಂ.ಮೀ. ಪಾದರಸ. 25 ಡಿಗ್ರಿಯಲ್ಲಿ ಬರಬೇಕಾದದ್ದು ಸುಮಾರು 54. ಐದರಲ್ಲಿ ನಾಲ್ಕು ಪಾಲು ಸಿಕ್ಕಿತು. ಹೊರಗಿನ ನೀರಿನಲ್ಲಿ ಕೆಂಪು ಬಣ್ಣ ಕಾಣಲಿಲ್ಲ. ಉಳಿದ ಒಂದು ಪಾಲು ಎಲ್ಲಿ ಹೋಯಿತು ಎಂಬುದಕ್ಕೆ ನನ್ನ ಅನುಮಾನ ಕಾರ್ಕಿನ ಅಂಚಿನ ಮೇಲೆ, ಏಕೆಂದರೆ ಅಲ್ಲಿ ಒಳಗಿನ ದ್ರಾವಣದ ಮಟ್ಟಕ್ಕಿಂತ ಮೇಲೆ ಪೊರೆ ಕಟ್ಟಿಲ್ಲ.

ಶೇ. 2ರ ದ್ರಾವಣದಲ್ಲಿ ಗಾಳಿ 0.50ರ ಸಮೀಪ ಹೋಗುತ್ತಿದ್ದಾಗ ಕಾರ್ಕಿನ ಪಕ್ಕದಿಂದ ದ್ರಾವಣ ಒಸರಿ ಓದು ಹಿಂದೆ ಸರಿಯಿತು. ಈ ಬಿಗಿತದ ಮಿತಿ ಅಲ್ಲಿಗೆ.

8. ಅದೇ ಅಳತೆ, ಜೀವಂತ ಪೊರೆಯಲ್ಲಿ

ತಾಮ್ರದ ಪೊರೆ ಕೋಶಪೊರೆಯಲ್ಲ. ಕಾಲೇಜಿನ ಅಂಗಳದಲ್ಲಿ ಎಲೆಯ ಅಡಿ ನೇರಳೆಯಾಗಿರುವ ರಿಯೋ ಗಿಡ ಇದೆ. 1884ರಲ್ಲಿ ಹಾಲೆಂಡಿನ ಸಸ್ಯವಿಜ್ಞಾನಿ ಹ್ಯೂಗೋ ಡಿ ವ್ರೀಸ್ ದ್ರಾವಣಗಳ ಬಲವನ್ನು ಹೋಲಿಸಲು ಬಳಸಿದ ಗಿಡಗಳಲ್ಲಿ ಇದೂ ಒಂದು. ಫೆಫರ್ ಅವರ ಅಂಕಿಗಳನ್ನು, ಅಭಿಸರಣ ಒತ್ತಡವನ್ನು ಲೆಕ್ಕ ಹಾಕುವ ಸೂತ್ರ ಕೊಟ್ಟ ರಸಾಯನವಿಜ್ಞಾನಿ ವಾಂಟ್ ಹಾಫ್ ಅವರ ಗಮನಕ್ಕೆ ತಂದವರೂ ಡಿ ವ್ರೀಸ್. ಎಲೆಯಡಿಯ ಸಿಪ್ಪೆಯನ್ನು ಬ್ಲೇಡಿನಿಂದ ಸುಲಿದು ಲೀಟರಿಗೆ 34.2 ಗ್ರಾಂ, ಅದರ ಎರಡು ಪಟ್ಟು, ಮೂರು ಪಟ್ಟು ಸಕ್ಕರೆ ಇರುವ ದ್ರಾವಣಗಳಲ್ಲಿ ಇಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದೆವು. ಮೊದಲನೆಯದರಲ್ಲಿ ಕೋಶಗಳು ಅಂಚಿನವರೆಗೆ ನೇರಳೆಯಾಗಿಯೇ ಇದ್ದವು. ಎರಡನೆಯದರಲ್ಲಿ ಕೆಲವು ಕೋಶಗಳ ಮೂಲೆಗಳಲ್ಲಿ ನೇರಳೆ ಹಿಂದೆ ಸರಿದಿತ್ತು. ಮೂರನೆಯದರಲ್ಲಿ ಹೆಚ್ಚಿನ ಕೋಶಗಳ ನಡುವೆ ನೇರಳೆ ಉಂಡೆಗಟ್ಟಿತ್ತು. ಹೊರಗಿನ ದ್ರಾವಣ ಕೋಶರಸಕ್ಕಿಂತ ಬಲವಾದಾಗ ನೀರು ಕೋಶದಿಂದ ಹೊರಬಂದು ಹೀಗಾಗುತ್ತದೆ, ಆದ್ದರಿಂದ ಕೋಶರಸದ ಒತ್ತಡ ಎರಡಕ್ಕೂ ಮೂರಕ್ಕೂ ನಡುವಿನ ದ್ರಾವಣದಷ್ಟು, ಲೆಕ್ಕದಂತೆ ಸುಮಾರು 6 ವಾಯುಮಂಡಲ (ಒಂದು ವಾಯುಮಂಡಲ ಎಂದರೆ 76 ಸೆಂ.ಮೀ. ಪಾದರಸ). ಬೋಲ್ಟ್ ಬಿಗಿದ ನಮ್ಮ ಕ್ಯಾಂಡಲ್ ಒಂದು ವಾಯುಮಂಡಲಕ್ಕೇ ಒಸರಿತ್ತು.

ಸಕ್ಕರೆಯ ಬದಲು ಗ್ಲಿಸರಾಲ್ ದ್ರಾವಣದಲ್ಲಿ ಇಟ್ಟಾಗ ವ್ಯತ್ಯಾಸ ಇನ್ನೂ ಚೆನ್ನಾಗಿ ಕಂಡಿತು. ಮೊದಲು ಕೋಶಗಳು ಸಕ್ಕರೆಯಲ್ಲಿದ್ದಂತೆಯೇ ಕುಗ್ಗಿದವು. ಸ್ಲೈಡನ್ನು ಒದ್ದೆ ಬಟ್ಟೆಯಿದ್ದ ಡಬ್ಬಿಯಲ್ಲಿ ರಾತ್ರಿಯಿಡೀ ಇಟ್ಟು ಬೆಳಿಗ್ಗೆ ನೋಡಿದಾಗ ಗ್ಲಿಸರಾಲಿನಲ್ಲಿದ್ದವು ಬಹುಮಟ್ಟಿಗೆ ಮತ್ತೆ ತುಂಬಿಕೊಂಡಿದ್ದವು, ಸಕ್ಕರೆಯಲ್ಲಿದ್ದವು ಕುಗ್ಗಿದಂತೆಯೇ ಇದ್ದವು. ಗ್ಲಿಸರಾಲ್ ನಿಧಾನವಾಗಿ ಕೋಶಪೊರೆಯನ್ನು ದಾಟಿ ಒಳಗೆ ಸೇರಿ, ಅದರ ಹಿಂದೆ ನೀರನ್ನೂ ಕರೆತಂದಿತ್ತು. ಕೋಶಗಳು ಸತ್ತು ಸಡಿಲವಾಗಿಲ್ಲ ಎಂದು ಖಚಿತಪಡಿಸಿಕೊಳ್ಳಲು ಅದೇ ಸಿಪ್ಪೆಗೆ ಗಟ್ಟಿ ಸಕ್ಕರೆ ದ್ರಾವಣ ಹನಿಸಿದೆವು. ನೇರಳೆ ಮತ್ತೆ ಉಂಡೆಗಟ್ಟಿತು. ಕುದಿನೀರಿನಲ್ಲಿ ಅದ್ದಿದ ಇನ್ನೊಂದು ಸಿಪ್ಪೆಯಲ್ಲಿ ಉಂಡೆ ಕಟ್ಟಲು ಏನೂ ಉಳಿದಿರಲಿಲ್ಲ, ಬಣ್ಣವೆಲ್ಲ ನೀರಿಗೆ ಇಳಿದಿತ್ತು.

9. ಜೋಪಾನ ಮತ್ತು ವಿಲೇವಾರಿ

ಪೊರೆ ಕಟ್ಟಿದ ಕ್ಯಾಂಡಲನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಮುಳುಗಿಸಿ, ಬೂಸ್ಟು ಬಾರದಂತೆ ಎರಡು ಹನಿ ಫಾರ್ಮಲಿನ್ ಹಾಕಿ, ಮುಚ್ಚಿಟ್ಟಿದ್ದೇವೆ. ತಾಮ್ರ ಮೀನುಗಳಿಗೆ ವಿಷವಾದ್ದರಿಂದ ಬಳಸಿದ ದ್ರಾವಣವನ್ನು ಸಿಂಕಿಗೆ ಚೆಲ್ಲಬಾರದು. ಫೆರೋಸಯನೈಡ್ ಬೆರೆತದ್ದನ್ನು ಬೇರೆ ಕ್ಯಾನಿನಲ್ಲಿ ಚೀಟಿ ಅಂಟಿಸಿ ಇಡಬೇಕು. ಬರೀ ತಾಮ್ರದ ಸಲ್ಫೇಟ್ ಇರುವುದಕ್ಕೆ ಕಬ್ಬಿಣದ ಮೊಳೆಗಳನ್ನು ಹಾಕಿಟ್ಟರೆ ತಾಮ್ರ ಮೊಳೆಗಳ ಮೇಲೆ ಕೂಡುತ್ತದೆ, ನೀಲಿ ಪೂರ್ತಿ ಹೋದ ಮೇಲೆ ಗಸಿಯನ್ನು ಸೋಸಿ ತೆಗೆಯಬಹುದು. ಮುಂದಿನ ಸಲ ವಿದ್ಯುತ್ತು ಹಾಯಿಸುವಾಗ ಕ್ಯಾಂಡಲಿನ ಬಾಯಿಯ ಅಂಚಿನವರೆಗೂ ಎರಡೂ ಕಡೆ ದ್ರಾವಣ ತುಂಬಿರುವಂತೆ ನೋಡಿಕೊಳ್ಳುತ್ತೇವೆ, ಕಾರ್ಕ್ ಕೂರುವ ಜಾಗಕ್ಕೆ ಮೆರುಗು ಬರುವಂತೆ ಎಪಾಕ್ಸಿ ಬಳಿಯುತ್ತೇವೆ. ಶೇ. 2ರ ಅಳತೆ ಅದರ ನಂತರ.